ಬಿಟ್ಟಿ ಮತ್ತು ಸೇವೆ

ಕೂಲಿಯಿಲ್ಲದೆ ದುಡಿಯುವುದನ್ನು ನಮ್ಮ ಕೇರಿಗೆ ಯಾರೂ ಬಂದು ಕಲಿಸಬೇಕಾಗಿರಲಿಲ್ಲ. ನಮ್ಮ ತಾತ ಊರಿನ ತೋಟಿ. ಸಾವಿನ ಸುದ್ದಿ ಹೊತ್ತು ಹರಿದಾರಿಗಟ್ಟಲೆ ನಡೆಯೋದು, ಗುಂಡಿ ತೋಡೋದು, ಸತ್ತ ದನ ಎಳೆಯೋದು, ಸಾಹೇಬರು ಬಂದರೆ ಗಂಟು ಹೊರೋದು, ತಮಟೆ ಬಡಿದು ಸಾರೋದು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಒಂದು ಹೊರೆ ತೆನೆ, ಅದೂ ಗೌಡರಿಗೆ ಮನಸ್ಸು ಬಂದಷ್ಟು. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಸುವುದು ಅಪರಾಧ ಅಂದಿತು. 1961ರ ಕಾಯ್ದೆ ತೋಟಿ, ತಳವಾರಿಕೆಯಂಥ ಹುಟ್ಟಿನಿಂದ ಬರುವ ಊರ ಚಾಕರಿಗಳನ್ನು ರದ್ದು ಮಾಡಿತು. 1976ರಲ್ಲಿ ಜೀತ ರದ್ದತಿಯ ಕಾಯ್ದೆಯೂ ಬಂತು. ಕಾಗದದಲ್ಲಿ ರದ್ದಾದದ್ದು ಊರಬಾಗಿಲಲ್ಲಿ ರದ್ದಾಗಲಿಲ್ಲ. ಅಪ್ಪನ ಕಾಲಕ್ಕೂ ‘ಬಾರ್ಲಾ ಇಲ್ಲಿ’ ಅನ್ನುವ ಕೂಗು ನಮ್ಮ ಗುಡಿಸಲ ತನಕ ಕೇಳಿಸುತ್ತಲೇ ಇತ್ತು.

ಇದನ್ನು ಯಾರೂ ಸಮಾಜಸೇವೆ ಅನ್ನಲಿಲ್ಲ.

ಕೂಲಿಯಿಲ್ಲದ ಕೆಲಸಕ್ಕೆ ಮರ್ಯಾದೆಯ ಹೆಸರೂ ಒಂದಿದೆ ಅಂತ ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ರಾಷ್ಟ್ರೀಯ ಸೇವಾ ಯೋಜನೆ. ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದದ್ದು. ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಹಳ್ಳಿಯಲ್ಲೊಂದು ಶಿಬಿರ. ನಾನೂ ಸೇರಿದೆ. ಚರಂಡಿ ಬಾಚಿದೆವು, ಶಾಲೆಗೆ ಸುಣ್ಣ ಬಳಿದೆವು, ರಾತ್ರಿ ಹಾಡಿದೆವು. ಕೊನೆಗೆ ಸರ್ಟಿಫಿಕೇಟು ಕೊಟ್ಟರು. ಅವ್ವನಿಗೆ ತೋರಿಸಿದೆ. ಅವಳಿಗೆ ಓದು ಬರದು. “ಏನ್ಲಾ ಮಗ ಇದು?” ಅಂದಳು. ಹೇಳಿದೆ. “ಚರಂಡಿ ಬಾಚುದ್ಕೆ ಕಾಗ್ದ ಕೊಟ್ರಾ? ಹಂಗಾದ್ರೆ ನಿಮ್ಮಪ್ಪಂಗೆ ಒಂದು ಗಾಡಿ ಕಾಗ್ದ ಕೊಡ್ಬೇಕಾಗಿತ್ತು” ಅಂತ ನಕ್ಕುಬಿಟ್ಟಳು.

ಶಿಬಿರವನ್ನು ಹೀಯಾಳಿಸಲಿಕ್ಕೆ ಈ ಮಾತು ಹೇಳುತ್ತಿಲ್ಲ. ಪೊರಕೆ ಮುಟ್ಟದೆ ಬೆಳೆದ ಹುಡುಗರು ಅಲ್ಲಿ ಚರಂಡಿಗೆ ಇಳಿದರು. ಒಂದೇ ಸಾಲಿನಲ್ಲಿ ಕೂತು ಮುದ್ದೆ ಉಂಡೆವು. ಹೊಲಗೇರಿಯ ದಾರಿಯೇ ತಿಳಿಯದಿದ್ದವನೊಬ್ಬ ಆ ಊರ ಕೇರಿಯ ಮನೆಮನೆಗೂ ಹೋಗಿ ಶಾಲೆ ಬಿಟ್ಟ ಮಕ್ಕಳ ಲೆಕ್ಕ ಬರೆದ. ತರಗತಿಯ ಬೆಂಚಿನ ಮೇಲೆ ಆಗದ್ದು ಅಲ್ಲಿ ಆಯಿತು, ಸುಳ್ಳು ಹೇಳಬಾರದು. ಆದರೆ ಶಿಬಿರ ಮುಗಿದ ಮಾರನೆಯ ದಿನ ಆ ಚರಂಡಿಗೆ ಯಾರು ಇಳಿಯುತ್ತಾರೆ ಅನ್ನುವುದು ಸಮಾರೋಪ ಭಾಷಣದಲ್ಲಿ ಬರಲಿಲ್ಲ. ನಮಗೆ ಬೇಡ ಅನ್ನುವ ಸ್ವಾತಂತ್ರ್ಯ ಇತ್ತು. ಹೊಟ್ಟೆನೋವು ಅಂತ ಎರಡು ದಿನ ಮಲಗಿದವನಿಗೂ ಸರ್ಟಿಫಿಕೇಟು ಸಿಕ್ಕಿತು. ತಾತ ಒಂದು ದಿನ ‘ಆಗಲ್ಲ ಬುದ್ಧಿ’ ಅಂದಿದ್ದರೆ ಬೆನ್ನ ಮೇಲೆ ಬಾಸುಂಡೆ. ಒಲ್ಲೆ ಅನ್ನುವ ಹಕ್ಕಿದ್ದೂ ಮಾಡಿದರೆ ಅದು ಸೇವೆ. ಆ ಹಕ್ಕೇ ಇಲ್ಲದವನಿಂದ ಮಾಡಿಸಿಕೊಂಡರೆ ಬಿಟ್ಟಿ. ಕೆಲಸ ಮಾತ್ರ ಒಂದೇ.

ಈಗ ಕೆಲಸ ಕೊಡುವ ಕಂಪನಿಗಳೂ ಸೇವೆಯ ಲೆಕ್ಕ ಕೇಳುತ್ತವೆ. ನಾಲ್ಕು ಜನರೊಡನೆ ಹೊಂದಿಕೊಂಡು ದುಡಿಯುವ ಗುಣ ಅದರಿಂದ ತಿಳಿಯುತ್ತದಂತೆ. ನನ್ನ ಶಿಷ್ಯನೊಬ್ಬ, ಫೀಜಿಗಾಗಿ ರಜೆಯೆಲ್ಲ ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋದವನು, ಸಂದರ್ಶನಕ್ಕೆ ಹೋಗಿದ್ದ. “ಸಮಾಜಸೇವೆ ಏನು ಮಾಡಿದೀರಿ?” ಅಂತ ಕೇಳಿದರು. ಗಾರೆ ಕೆಲಸದ ಸಂಗತಿ ಹೇಳಿದ. “ಅದು ಕೂಲಿ ಆಯ್ತಲ್ಲಪ್ಪ” ಅಂದರಂತೆ. ಹತ್ತು ಆಳಿನ ಲೆಕ್ಕ, ಸಿಮೆಂಟಿನ ಲೆಕ್ಕ, ಮೇಸ್ತ್ರಿಯ ಬೈಗುಳ ಎಲ್ಲವನ್ನೂ ನಿಭಾಯಿಸಿದ ಹುಡುಗನ ಅರ್ಜಿಯಲ್ಲಿ ಆ ಜಾಗ ಖಾಲಿ. ಭಾನುವಾರ ಬಿಡುವಿರಬೇಕಾದರೆ ಸೋಮವಾರದ ಹಿಟ್ಟು ಮನೆಯಲ್ಲಿರಬೇಕು ಅನ್ನುವುದು ಕೇಳಿದವರಿಗೆ ಹೊಳೆಯಲಿಲ್ಲ.

ಸರ್ಕಾರ ಇನ್ನೂ ಜಾಣ. 2005ರಲ್ಲಿ ಆಶಾ ಯೋಜನೆ ತಂದು ಹಳ್ಳಿಯ ಹೆಂಗಸರನ್ನು ಸ್ವಯಂಸೇವಕಿಯರು ಅಂದಿತು. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಕೂಸಿಗೆ ಲಸಿಕೆ ಹಾಕಿಸುವುದು, ಕೊರೊನಾ ಕಾಲದಲ್ಲಿ ಮನೆಮನೆ ಸುತ್ತುವುದು ಅವರ ಪಾಲು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಸನ್ಮಾನಿಸಿತು. 2025ರ ಜನವರಿಯಲ್ಲಿ ಅದೇ ತಾಯಂದಿರು ಸಾವಿರಾರು ಜನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು, ತಿಂಗಳಿಗೆ ಇಂತಿಷ್ಟು ಅಂತ ಖಚಿತವಾಗಿ ಕೊಡಿ ಎಂದು ಕೇಳಬೇಕಾಯಿತು. ಅಂಗನವಾಡಿಯದೂ ಇದೇ ಕತೆ. 1975ರಲ್ಲಿ ಆ ಯೋಜನೆ ಶುರುವಾಯಿತು. ಅವರದು ಸರ್ಕಾರಿ ಹುದ್ದೆಯಲ್ಲ ಅಂತ ಸುಪ್ರೀಂ ಕೋರ್ಟು 2006ರಲ್ಲಿ, ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ, ಹೇಳಿತು. ಗ್ರಾಚ್ಯುಟಿಗೆ ಅವರೂ ಹಕ್ಕುದಾರರು ಅಂತ ಅದೇ ಕೋರ್ಟು ಹೇಳಲಿಕ್ಕೆ 2022 ಬರಬೇಕಾಯಿತು. ಸಂಬಳ ಅಂದರೆ ಹಕ್ಕಾಗುತ್ತದಲ್ಲ, ಅದಕ್ಕೇ ಗೌರವಧನ ಅನ್ನುವ ಮಾತು. ಅದರಲ್ಲಿ ಗೌರವವೂ ಕಮ್ಮಿ, ಧನವೂ ಕಮ್ಮಿ. ಕಣದ ಅಂಚಿನ ತೆನೆಯ ಹೊರೆ ನೆನಪಾಗುತ್ತದೆ ನನಗೆ.

ಹಾಗಂತ ನಮ್ಮವರು ಸೇವೆಯನ್ನೇ ಕೈಬಿಡಬೇಕೇನು? ಸಾವಿತ್ರಿಬಾಯಿ ಫುಲೆ 1897ರಲ್ಲಿ ಪುಣೆಯ ಪ್ಲೇಗಿನಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಅದೇ ರೋಗ ತಗುಲಿ ಸತ್ತರು. ಆ ತಾಯಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ದಲಿತ ಚಳವಳಿ ಕಟ್ಟಿದವರೂ ಸ್ವಂತ ಬಸ್‌ಚಾರ್ಜು ಹಾಕಿಕೊಂಡು, ಪೋಸ್ಟರಿಗೆ ತಾವೇ ಮೈದಾ ಅಂಟು ಕಾಯಿಸಿಕೊಂಡು ಊರೂರು ತಿರುಗಿದರು.

ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಈಗ ಸಂಜೆ ಏಳಕ್ಕೆ ಪಾಠ ನಡೆಯುತ್ತದೆ. ಡಿಗ್ರಿ ಓದುವ ಮೂವರು ಹುಡುಗರು, ಗಾರ್ಮೆಂಟ್ಸಿಗೆ ಹೋಗುವ ಒಬ್ಬಳು ಹುಡುಗಿ. ಅವಳು ಬರುವುದು ಎಂಟಕ್ಕೆ, ಲೆಕ್ಕದ ಪಾಠ ಅವಳದೇ. ಹುಡುಗರ ಈ ಗಂಟೆಗಳನ್ನು ಆ 240ರಲ್ಲಿ ಸೇರಿಸಿಕೊಳ್ಳಿ ಅಂತ ಅವರ ಕಾಲೇಜಿಗೆ ಹೋಗಿ ಕೇಳಿದೆ. ನಿಮ್ಮ ಕೇರಿ ನಾವು ದತ್ತು ತೆಗೆದುಕೊಂಡ ಹಳ್ಳಿಯಲ್ಲಿಲ್ಲವಲ್ಲ ಅಂದರು. ಅರ್ಜಿ ಬರೆದುಕೊಟ್ಟು ಬಂದಿದ್ದೇನೆ. ನಾಲ್ವರ ಗಂಟೆಗಳನ್ನೂ ಹಳೆಯದೊಂದು ಹಾಜರಿ ಪುಸ್ತಕದಲ್ಲಿ ದಿನಾ ಬರೆದಿಡುತ್ತಿದ್ದೇನೆ, ಆ ಹುಡುಗಿಯದನ್ನೂ. ಅವಳ ಗಂಟೆಗಳನ್ನು ಯಾವ ಕಾಲೇಜಿಗೆ ಒಯ್ದು ತೋರಿಸಲಿ?