ಹೆತ್ತ ಅಪ್ಪ

ಕೋಳಿಕ್ಕೋಡಿನ ಜಹಾದ್ ಮತ್ತು ಜಿಯಾ ಪಾವಲ್ ದಂಪತಿಯ ಮಗು ಹುಟ್ಟಿದ್ದು 2023ರ ಫೆಬ್ರವರಿ 8ರಂದು, ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ. ಹೆತ್ತವರು ಜಹಾದ್, ಟ್ರಾನ್ಸ್ ಪುರುಷ. ಎಷ್ಟೋ ಕಷ್ಟಪಟ್ಟು ಶುರು ಮಾಡಿದ್ದ ಹಾರ್ಮೋನ್ ಚಿಕಿತ್ಸೆಯನ್ನು ನಿಲ್ಲಿಸಿ ಬಸಿರಾದರು. ಎದೆಯ ಶಸ್ತ್ರಚಿಕಿತ್ಸೆ ಮೊದಲೇ ಆಗಿತ್ತು, ಹಾಗಾಗಿ ಮಗುವಿನ ಹಾಲಿಗೆ ಆಸ್ಪತ್ರೆಯ ಎದೆಹಾಲು ಬ್ಯಾಂಕನ್ನು ನೆಚ್ಚಿಕೊಂಡರು.

ಜನನ ಪ್ರಮಾಣಪತ್ರದಲ್ಲಿ ಮಾತ್ರ ಜಹಾದ್ ತಾಯಿ, ಟ್ರಾನ್ಸ್ ಮಹಿಳೆಯಾದ ಜಿಯಾ ತಂದೆ! ಹೊತ್ತು ಹೆತ್ತವನಿಗೆ ತಾನು ಯಾರೆಂದು ಹೇಳಿಕೊಳ್ಳುವ ಹಕ್ಕೂ ಇಲ್ಲವೇ? ಇಬ್ಬರೂ ಕೋರ್ಟಿಗೆ ಹೋದರು. 2025ರ ಜೂನ್‌ನಲ್ಲಿ ಕೇರಳ ಹೈಕೋರ್ಟ್, ಇಬ್ಬರನ್ನೂ ಪೋಷಕರೆಂದೇ ನಮೂದಿಸಿ ಹೊಸ ಪತ್ರ ಕೊಡಿ ಅಂದಿತು. ಇಂಗ್ಲೆಂಡಿನಲ್ಲಿ ಮಗು ಹೆತ್ತ ಟ್ರಾನ್ಸ್ ಪುರುಷ ಫ್ರೆಡ್ಡಿ ಮೆಕಾನೆಲ್ ಇಂಥದ್ದೇ ಮೊಕದ್ದಮೆಯನ್ನು 2020ರಲ್ಲಿ ಮೇಲ್ಮನವಿಯಲ್ಲೂ ಸೋತಿದ್ದರು. ಈ ವಿಷಯದಲ್ಲಿ ನಮ್ಮ ಪಕ್ಕದ ರಾಜ್ಯ ಮುಂದಿದೆ ಎಂಬುದು ನನಗೆ ನಿಜಕ್ಕೂ ಹೆಮ್ಮೆ.

ಆದರೆ ಪತ್ರ ಸರಿಹೋದರೆ ಸಾಲದು, ಆಸ್ಪತ್ರೆಗಳೂ ಸರಿಹೋಗಬೇಕು. ಟ್ರಾನ್ಸ್ ಪುರುಷರು ಹಾರ್ಮೋನ್ ಚಿಕಿತ್ಸೆಯಾಗಿ ಟೆಸ್ಟೋಸ್ಟೆರೋನ್ ತೆಗೆದುಕೊಂಡರೆ ಮುಟ್ಟು ನಿಲ್ಲಬಹುದು, ಆದರೆ ಅದು ಗರ್ಭನಿರೋಧಕವಲ್ಲ. ಮುಟ್ಟಿಲ್ಲದಿದ್ದರೂ ಬಸಿರಾಗಬಹುದು. ಬಸಿರಲ್ಲಿ ಆ ಔಷಧಿ ಕೂಸಿಗೆ ಒಳ್ಳೆಯದಲ್ಲ. ಇದನ್ನು ಮೊದಲ ಇಂಜೆಕ್ಷನ್ನಿಗೂ ಮುಂಚೆ ವೈದ್ಯರು ಕೂರಿಸಿ ಹೇಳಬೇಕು. ಮುಂದೆ ಮಗು ಬೇಕಾ ಎಂದೂ ಆಗಲೇ ಕೇಳಬೇಕು. ಹೆರಿಗೆ ವಾರ್ಡಿನ ಬಾಗಿಲಲ್ಲಿ ಗಡ್ಡ ಬಿಟ್ಟವರೊಬ್ಬರು ನಿಂತರೆ, "ಪೇಷೆಂಟ್ ಎಲ್ಲಿ?" ಅನ್ನದೆ ಒಳಗೆ ಕರೆದು ಬಿ.ಪಿ. ನೋಡಬೇಕು.