32 ವರ್ಷ ಮಲಗಿದ ಊರು

ಡೊಂಬಿವಲಿಯಲ್ಲಿ ನಮ್ಮ ಮನೆಯಾಗಿ 32 ವರ್ಷ. ಆದರೆ ನಾನು ಡೊಂಬಿವಲಿಗೆ ಬಂದದ್ದು ನಿವೃತ್ತನಾದ ಮೇಲೆಯೇ ಎನ್ನಬೇಕು. ಅಲ್ಲಿಯವರೆಗೆ ಅದು ನಾನು ರಾತ್ರಿ ಮಲಗುತ್ತಿದ್ದ ಜಾಗ, ಅಷ್ಟೆ.

ಫೋರ್ಟಿನಲ್ಲಿ ಬ್ಯಾಂಕಿನ ಕೆಲಸ. ಲೋಕಲಿನಲ್ಲಿ ಕೂತು ಹೋಗಬೇಕೆಂದರೆ ಬೇಗ ಎದ್ದು ಮೊದಲು ಹಿಂದಕ್ಕೆ ಕಲ್ಯಾಣಕ್ಕೆ ಹೋಗಬೇಕು. ಅಲ್ಲಿ ಸೀಟು ಹಿಡಿದು ನಮ್ಮದೇ ಸ್ಟೇಷನ್ನಿನ ಮುಂದೆ ಹಾದುಹೋಗಬೇಕು! ದೇಶದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಬಂದು ನಿಂತಿತು. ನಾವು ಠಾಣೆಯಿಂದಲೂ ಆಚೆಯವರು. ಫಾಸ್ಟ್ ಲೋಕಲ್ ಆಗ ಪಾರಸಿಕ್ ಸುರಂಗದೊಳಗಿಂದ ಬರುತ್ತಿತ್ತು. ಕತ್ತಲೆ ಕಳೆದರೆ ಇನ್ನೇನು ಮನೆ ಬಂತು ಎಂಬ ಸಮಾಧಾನ. ನನ್ನ ನೆರೆಹೊರೆಯೆಲ್ಲ ಆ ಡಬ್ಬಿಯೊಳಗೇ ಇತ್ತು. ದಸರೆಗೆ ಡಬ್ಬಿಗೆ ಹೂವಿನ ಮಾಲೆ ಕಟ್ಟಿ, ಪೂಜೆ ಮಾಡಿ, ಪೇಡಾ ಹಂಚುತ್ತಿದ್ದೆವು. ನಮ್ಮ ಕಟ್ಟಡದಲ್ಲಿ ಯಾರ ಮನೆಗೂ ನಾನು ಪೇಡಾ ಕೊಟ್ಟದ್ದಿಲ್ಲ.

ನಿವೃತ್ತನಾದ ಮರುವಾರ ಹಾಲು ತರಲು ಹೋಗಿ ಬರುವಾಗ ಹೊಸ ವಾಚ್‌ಮನ್ ಗೇಟಿನಲ್ಲಿ ತಡೆದ: "ಕಿಸ್‌ಕೇ ಯಹಾಂ ಜಾನಾ ಹೈ?" ಯಾರ ಮನೆಗೆ ಎಂದು! ಮೇಲಿನ ಮನೆಯ ಕಾಕೂ ಕಿಟಕಿಯಿಂದಲೇ ಕೂಗಿ ಬಿಡಿಸಿದರು. "ವಹಿನೀಂಚೆ ಮಿಸ್ಟರ್ ಆಹೇತ್ ರೇ!" ಇವಳ ಗಂಡ ಎಂಬುದೇ ನನ್ನ ಗುರುತು.

ನನಗೇನು, ಊರಿಗೆ ಹೋಗುವವನಲ್ಲವೆ ಎಂದುಕೊಂಡೆ. ಪಿಎಫ್ ದುಡ್ಡಿನಲ್ಲಿ ಕಾರ್ಕಳದ ಹತ್ತಿರ ಮನೆ ಕಟ್ಟಿಸಿಯಾಗಿತ್ತು. ಬಾವಿ, ನಾಲ್ಕು ತೆಂಗು, ಅಂಗಳ. ಹೊರಡುವ ಮಾತೆತ್ತಿದೆ. "ನೀವು ಹೋಗಿ ಬನ್ನಿ," ಎಂದಳು ಇವಳು.

ನಾನು ದನಿ ಏರಿಸಿದೆ. ಅವಳು ಏರಿಸಲಿಲ್ಲ. "2005ರ ಮಳೆಯ ದಿನ ನೀವೆಲ್ಲಿದ್ದಿರಿ?" ಎಂದು ಕೇಳಿದಳು.

ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ. ಲೋಕಲ್ ನಿಂತು ನಾನು ಆಫೀಸಿನ ಮೇಜಿನ ಮೇಲೆ ಮಲಗಿದ್ದೆ. ಇಲ್ಲಿ ಪಶ್ಚಿಮದಲ್ಲಿ ಖಾಡಿಯ ನೀರು ನಮ್ಮ ನೆಲಮಹಡಿಗೆ ನುಗ್ಗಿತ್ತು. ಮಗಳಿಗೆ ಜ್ವರ. ಅದೇ ಕಾಕೂ ಮತ್ತು ಅವರ ಮಗ ಸೊಂಟದವರೆಗಿನ ನೀರಿನಲ್ಲಿ ಇಳಿದು ಇಬ್ಬರನ್ನೂ ಮೇಲೆ ಕರೆದೊಯ್ದರು. ನಾನು ಮನೆ ಮುಟ್ಟಿದ್ದು ಎರಡು ದಿನ ಬಿಟ್ಟು. ಆ ಕಾಕೂ ಅವರಿಗೆ ಒಂದು ಥ್ಯಾಂಕ್ಸ್ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ.

"ಅಲ್ಲಿ ನನಗೆ ಯಾರಿದ್ದಾರೆ? ನಿಮಗಾದರೂ ಈಗ ಯಾರಿದ್ದಾರೆ?" ಎಂದಳು. ಅಣ್ಣ ತೀರಿಕೊಂಡಿದ್ದರು, ಗೆಳೆಯರು ಚದುರಿದ್ದರು. ಮಗಳು ಇರುವುದು ಐರೋಳಿಯಲ್ಲಿ. ನಾನು ಉತ್ತರ ಕೊಡದೆ ಚಪ್ಪಲಿ ಮೆಟ್ಟಿ ಹೊರಗೆ ಹೋದೆ.

ಹಾಗೆ ಶುರುವಾದದ್ದು ಈ ತಿರುಗಾಟ. ಹಳಿಯ ಸೇತುವೆ ದಾಟಿ ಪೂರ್ವಕ್ಕೆ ಹೋಗಿ ಫಡ್ಕೆ ರೋಡಿನ ಗಣಪತಿ ದೇವಸ್ಥಾನ ಕಂಡೆ. ಗುಡಿ ಪಾಡ್ವದ ಶೋಭಾಯಾತ್ರೆಯನ್ನು ಮೊದಲ ಸಲ ನಿಂತು ನೋಡಿದೆ; ಇಷ್ಟು ವರ್ಷ ಆ ರಜೆಯಲ್ಲಿ ಮಧ್ಯಾಹ್ನದವರೆಗೆ ಮಲಗುತ್ತಿದ್ದೆ. ಕನ್ನಡದವರ ತಾಳಮದ್ದಳೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪಕ್ಕದವರು "ಯಾವಾಗ ಬಂದಿರಿ ಡೊಂಬಿವಲಿಗೆ?" ಎಂದಾಗ "ಈ ವರ್ಷ," ಎಂದುಬಿಟ್ಟೆ.

ಬ್ಯಾಂಕಿನವನೆಂದು ಗೊತ್ತಾಗಿ ಸೊಸೈಟಿಯವರು ಲೆಕ್ಕದ ಪುಸ್ತಕ ತಂದುಕೊಟ್ಟರು. ಮೆಂಟೆನೆನ್ಸ್ ಬಾಕಿ ಕೇಳಲು ಪ್ರತಿ ಮನೆಯ ಬಾಗಿಲು ತಟ್ಟಬೇಕು. ಬಾಕಿ ಬರುತ್ತದೋ ಇಲ್ಲವೋ, ಚಹಾ ಬರುತ್ತದೆ. ಮೊದಲು ಹೋದದ್ದು ಕಾಕೂ ಮನೆಗೆ. ಅವರದೇನೂ ಬಾಕಿ ಇರಲಿಲ್ಲ. ಪೇಡಾ ಕೊಟ್ಟೆ. "ಏನು ವಿಶೇಷ?" ಎಂದರು. ಹೇಳಲು ಆಗಲಿಲ್ಲ.

ಬರುವ ತಿಂಗಳು ಠಾಣೆಯಲ್ಲಿ ಮತ್ಸ್ಯಗಂಧ ಹತ್ತುತ್ತಿದ್ದೇವೆ, ಇವಳೂ ಸೇರಿ. ಹದಿನೈದು ದಿನ. ಮರಳುವ ಟಿಕೆಟನ್ನೂ ತೆಗೆದಾಗಿದೆ. ಲೆಕ್ಕ ಆಡಿಟಿಗೆ ಕೊಡಬೇಕು.