ಬೇರೆ ನೋಟು ಕೊಡಿ

ದುಡ್ಡೇ ದೊಡ್ಡಪ್ಪ ಎಂಬ ಗಾದೆಯನ್ನು ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಕಾಪಿ ಬರೆದು ಬೆಳೆದವರು ನಾವು. ಆದರೆ ಖೋಟಾ ನೋಟಿಗೆ ಮಾತ್ರ ಅಪ್ಪನೂ ಇಲ್ಲ, ದೊಡ್ಡಪ್ಪನೂ ಇಲ್ಲ. ಖೋಟಾ ಎಂದು ಗೊತ್ತಾದ ಗಳಿಗೆಯಿಂದ ಅದನ್ನು "ನನ್ನದು" ಎನ್ನುವವರೇ ಸಿಗುವುದಿಲ್ಲ. ವಾಣಿಜ್ಯ ವಿದ್ಯಾರ್ಥಿಯಾದ ನಾನು ದಿನವೂ ಡೆಬಿಟ್-ಕ್ರೆಡಿಟ್ ಓದುತ್ತೇನೆ. ಇಂಥ ನೋಟನ್ನು ಯಾರ ಖಾತೆಗೆ ಬರೆಯಬೇಕೆಂದು ಯಾವ ಪ್ರೊಫೆಸರರೂ ಇದುವರೆಗೆ ಹೇಳಿಕೊಟ್ಟಿಲ್ಲ.

ನನ್ನ ಮಾವ ಘಾಟಕೋಪರದ ಕಡೆ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಶಿಯರು. ಕಾಲೇಜು ಮುಗಿಸಿ ಸಂಜೆ ಎರಡು ಗಂಟೆ ನಾನೂ ಗಲ್ಲಾದ ಪಕ್ಕ ಕೂರುತ್ತೇನೆ. ಈಗ ಬಹಳ ಮಂದಿ ಮೊಬೈಲು ತೋರಿಸಿ ದುಡ್ಡು ಕಟ್ಟಿ ಹೋಗುತ್ತಾರೆ. ಆದರೂ ದಿನಗೂಲಿಯವರು, ರಿಕ್ಷಾದವರು, ವಯಸ್ಸಾದವರು ನೋಟನ್ನೇ ತರುತ್ತಾರೆ. ಮಾವ ನೋಟನ್ನು ನೋಡುವುದಕ್ಕಿಂತ ಮುಟ್ಟುವುದೇ ಹೆಚ್ಚು. ಅಸಲಿ ಐನೂರರಲ್ಲಿ ಗಾಂಧೀಜಿಯ ಚಿತ್ರ, ಅಂಚಿನ 5 ಓರೆ ಗೆರೆಗಳು ಬೆರಳಿಗೆ ಉಬ್ಬಾಗಿ ಸಿಗುತ್ತವೆ. ಸಂಶಯ ಬಂದರೆ ನೋಟನ್ನು ಸ್ವಲ್ಪ ವಾಲಿಸುತ್ತಾರೆ. ಹಸಿರು ದಾರ ನೀಲಿಯಾಗಬೇಕು. ಬೆಳಕಿಗೆ ಹಿಡಿಯುವುದು ಎಲ್ಲದಕ್ಕೂ ಕೊನೆಗೆ. "ಬೆಳಕಿಗೆ ಹಿಡಿದ್ಯೋ, ಅಲ್ಲಿಗೆ ಗಿರಾಕಿಯ ಮರ್ಯಾದೆ ಹೋಯ್ತು ಮಾರಾಯ" ಎನ್ನುತ್ತಾರೆ.

ಸಂಶಯ ಗಟ್ಟಿಯಾದರೂ ಅವರ ದನಿ ಏರುವುದಿಲ್ಲ. "ಸೇಠ್, ಯೇ ಜರಾ ಬದಲ್ ಕೇ ದೋ" ಎಂದು ನೋಟು ಹಿಂದೆ ಸರಿಸುತ್ತಾರೆ, ಅಷ್ಟೇ. ಖೋಟಾ ಎಂಬ ಶಬ್ದವನ್ನು ಗಿರಾಕಿಯ ಎದುರು ಅವರ ಬಾಯಿಂದ ನಾನು ಕೇಳಿಯೇ ಇಲ್ಲ. ತಂದವನು ಮೋಸಗಾರನಿಗಿಂತ ತಾನೇ ಮೋಸಹೋದವನಾಗಿರುವ ಸಂಭವವೇ ಹೆಚ್ಚು ಎಂಬುದು ಅವರ ಲೆಕ್ಕ.

ಎಲ್ಲ ಕಡೆ ಹೀಗಿಲ್ಲ. ನಮ್ಮ ಉಪನಗರದ ಒಂದು ಬಟ್ಟೆ ಅಂಗಡಿಯಲ್ಲಿ (ಹೆಸರು ಬೇಡ) ನನ್ನ ಮುಂದೆ ಸುಣ್ಣಬಣ್ಣದ ಕೆಲಸದವನೊಬ್ಬ ಮಗಳಿಗೆ ಫ್ರಾಕು ಕೊಂಡು ಐನೂರರ ನೋಟು ಕೊಟ್ಟ. ಕೌಂಟರಿನವನು ಅದನ್ನು ಎತ್ತಿ ಹಿಡಿದು, "ಎಲ್ಲಿಂದ ತಂದೆ?" ಎಂದು ಅಂಗಡಿಗೆಲ್ಲ ಕೇಳುವ ಹಾಗೆ ಗದರಿದ. ವಾಚ್‌ಮನ್ ಬಾಗಿಲಿಗೆ ಅಡ್ಡ ನಿಂತ. ಮ್ಯಾನೇಜರ್ ಬಂದು ನೋಡಿದರೆ ನೋಟು ಸರಿಯಾಗಿಯೇ ಇತ್ತು, ಒಗೆಯುವ ನೀರಿಗೆ ಬಿದ್ದು ಮೆತ್ತಗಾಗಿತ್ತು. ಒಬ್ಬರೂ "ತಪ್ಪಾಯ್ತು" ಎನ್ನಲಿಲ್ಲ. ಅವನಿಗಿಂತ ಮೊದಲು ಇಸ್ತ್ರಿ ಷರಟಿನವರೊಬ್ಬರು ಕೊಟ್ಟ ಎರಡು ಐನೂರರ ನೋಟುಗಳನ್ನು ಅದೇ ಕೌಂಟರಿನವನು ತಿರುಗಿಸಿಯೂ ನೋಡಿರಲಿಲ್ಲ. ಅಲ್ಲಿ ಪರೀಕ್ಷೆಯಾದದ್ದು ನೋಟೋ, ಷರಟೋ?

ಕಾನೂನು ಈ ಕೌಂಟರಿನವನಿಗಿಂತ ಮೆದು. ಖೋಟಾ ಎಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಚಲಾಯಿಸಿದವನೇ ಅಪರಾಧಿ. ಹಳೆಯ ದಂಡಸಂಹಿತೆಯ 489-ಬಿ ಕಲಮಿನಲ್ಲಿದ್ದ ಈ ಮಾತು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 179ರಲ್ಲಿಯೂ ಇದೆ. ಶಿಕ್ಷೆ 10 ವರ್ಷದವರೆಗೆ, ಇಲ್ಲವೆ ಜೀವಾವಧಿ. ಛತ್ತೀಸ್‌ಗಢದಲ್ಲಿ ನಮ್ಮ ವಯಸ್ಸಿನ ಹುಡುಗನೊಬ್ಬ ಮಾವಿನಹಣ್ಣು ಕೊಳ್ಳಲು ಕೊಟ್ಟ ನೂರರ ನೋಟು ಖೋಟಾ ಎಂದು ವ್ಯಾಪಾರಿಗೆ ಸಂಶಯ ಬಂದು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದು ಖೋಟಾ ಎಂದು ಅವನಿಗೆ ಗೊತ್ತಿತ್ತೆಂಬುದು ಸಾಬೀತಾಗಿಲ್ಲವೆಂದು 2001ರಲ್ಲಿ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ಒಂದು ಕಿಲೋ ಹಣ್ಣಿಗೆ ಹೋದವನು ದೆಹಲಿಯವರೆಗೆ ಅಲೆಯಬೇಕಾಯಿತು!

ಹಾಗೆಂದು ಮಾವನ ರೀತಿಯಲ್ಲಿ ಕೊರತೆಯಿಲ್ಲವೆ? ಇದೆ. ಅವರು ಹಿಂದೆ ಸರಿಸಿದ ನೋಟು ಮತ್ತೆ ಬೀದಿಗೆ ಹೋಗುತ್ತದೆ. ಕೊನೆಗೆ ಕತ್ತಲಲ್ಲಿ ತರಕಾರಿ ಮಾರುವ ಮುದುಕಿಯ ಕೈಗೆ ಬೀಳುತ್ತದೆ. ಸರಿಯಾದ ದಾರಿ ಬ್ಯಾಂಕು. ಅಲ್ಲಿ ನೋಟನ್ನು ವಶಕ್ಕೆ ತೆಗೆದುಕೊಂಡು, ಖೋಟಾ ಎಂದು ಮೊಹರು ಹೊಡೆದು, ತಂದವನಿಗೆ ರಸೀದಿ ಕೊಡುತ್ತಾರೆ. ಒಂದು ಸಲಕ್ಕೆ 4 ನೋಟಿನವರೆಗಾದರೆ ಪೊಲೀಸರಿಗೆ ತಿಂಗಳ ಒಟ್ಟು ವರದಿ, 5 ಅಥವಾ ಹೆಚ್ಚಾದರೆ ಎಫ್.ಐ.ಆರ್. ದುಡ್ಡು ಮಾತ್ರ ವಾಪಸು ಬರುವುದಿಲ್ಲ. ಎಲ್ಲರೂ ಹಿಂಜರಿಯುವುದು ಇಲ್ಲಿಯೇ.

ಹೋದ ದೀಪಾವಳಿಯ ಗದ್ದಲದಲ್ಲಿ ಒಂದು ಖೋಟಾ ಐನೂರು ಮಾವನ ಬೆರಳನ್ನೂ ದಾಟಿ ಗಲ್ಲಾದೊಳಗೆ ಬಂತು. ರಾತ್ರಿ ಲೆಕ್ಕದಲ್ಲಿ ಸಿಕ್ಕಿತು. "ಬಾರಿನಲ್ಲಿ ದಾಟಿಸಿಬಿಡಿ ಅಣ್ಣ, ಅಲ್ಲಿ ಬೆಳಕೇ ಇಲ್ಲ" ಎಂದ ಒಬ್ಬ ವೇಟರು. "ಗೊತ್ತಾದ ಮೇಲೆ ಕೊಟ್ರೆ ನಾನೂ ಕಳ್ಳನೇ ಅಲ್ವಾ?" ಎಂದರು ಮಾವ. ಮರುದಿನ ಬ್ಯಾಂಕಿಗೆ ಕೊಟ್ಟು ರಸೀದಿ ತಂದರು. ಮಾಲೀಕರು ಸಂಬಳದಲ್ಲಿ ಐನೂರು ಮುರಿದುಕೊಂಡರು. ಆ ತಿಂಗಳು ಊರಿಗೆ ಕಳಿಸುವ ದುಡ್ಡಿನಲ್ಲಿ ಐನೂರು ಕಡಿಮೆ.

ನನಗೆ ಅನ್ನಿಸುವುದು ಇಷ್ಟು. ಹಾಲು ಒಡೆದರೆ, ಗ್ಲಾಸು ಬಿದ್ದರೆ ಹೋಟೆಲಿನವರು ಖರ್ಚಿಗೆ ಬರೆದುಕೊಳ್ಳುತ್ತಾರೆ. ಖೋಟಾ ನೋಟೂ ಅಂಥದೇ ವ್ಯಾಪಾರದ ನಷ್ಟ, ಅಂಗಡಿಯ ಖಾತೆಗೇ ಹೋಗಬೇಕು. ಹಾಗಾದರೆ ಗಲ್ಲಾದವರಿಗೆ ಲಕ್ಷ್ಯ ತಪ್ಪೀತು ಎನ್ನುವ ಮಾಲೀಕರು ನೋಟು ಪರೀಕ್ಷಿಸುವ ನೇರಳೆ ದೀಪವೊಂದನ್ನು ಇಡಲಿ, ಬಂದವರೆಲ್ಲರ ನೋಟನ್ನೂ ಅದರ ಕೆಳಗೆ ಹಿಡಿಯಲಿ. ಸಂಬಳ ಮುರಿದೀತೆಂಬ ಹೆದರಿಕೆ ಇರುವವರೆಗೆ ಗಲ್ಲಾದಲ್ಲಿ ಕೂತವನು ಬಡವನ ಮೇಲೆ ಕೂಗುತ್ತಾನೆ, ಇಲ್ಲವೆ ನೋಟನ್ನು ಸುಮ್ಮನೆ ಮುಂದೆ ದಾಟಿಸುತ್ತಾನೆ. ಎಲ್ಲರೂ ನಮ್ಮ ಮಾವನಂತಿರುತ್ತಾರೆಂದು ನಂಬಿ ವ್ಯಾಪಾರ ನಡೆಸುವುದು ಯಾವ ಲೆಕ್ಕಶಾಸ್ತ್ರ?